ಜಾಲಿ ಬಿತ್ತಿದ ಚಿಕ್ಕಬೀರಪ್ಪ

ಅಜ್ಜಂಪುರದ ಕಡೆ ಕೆಂಚಮ್ಮನ ಹಳ್ಳದ ಮಾತು ಬಂದರೆ ಜನ ಚಿಕ್ಕಬೀರಪ್ಪನನ್ನು ನೆನೆದು "ಪುಣ್ಯಾತ್ಮ, ಹಳ್ಳ ಉಳಿಸಿದ" ಎನ್ನುತ್ತಾರೆ. ಹಾಗೆನ್ನುವವರ ಬಾಯಿಗೆ ಸಕ್ಕರೆ ಬೀಳಲಿ. ಆದರೆ ಚಿಕ್ಕಬೀರಪ್ಪ ಪುಣ್ಯಾತ್ಮನಾಗಿರಲಿಲ್ಲ. ಸಿಟ್ಟನ್ನು ಬುಟ್ಟಿಯೊಳಗಿನ ಹಾವಿನಂತೆ ಹಾಲೆರೆದು ಸಾಕಿದ ಮನುಷ್ಯ ಅವನು. ಹಳ್ಳ ಉಳಿದದ್ದು ಅವನ ಧರ್ಮಬುದ್ಧಿಯಿಂದಲ್ಲ, ಮುಯ್ಯಿ ತೀರಿಸಲೇಬೇಕೆಂಬ ಹಟದಿಂದ. ಅದನ್ನು ಮುಚ್ಚಿಟ್ಟು ಅವನ ಕಥೆ ಹೇಳಿದರೆ ಅವನಿಗೇ ಅವಮಾನ ಮಾಡಿದಂತೆ.

ಆಗ ಅಜ್ಜಂಪುರ ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಕಲ್ಲುಹಟ್ಟಿ ಎಂಬ ಊರಿನ ಅಂಚಿನಲ್ಲಿ ಕುರಿ ಕಾಯುವವರ ನಾಲ್ಕಾರು ಮನೆಗಳಿದ್ದವು; ಚಿಕ್ಕಬೀರಪ್ಪ ಮತ್ತು ಅವನ ತಮ್ಮ ಅಂಜಿನಪ್ಪ ಅಲ್ಲಿ ಒಂದೇ ಸೂರಿನ ಕೆಳಗೆ ಇದ್ದರು. ಇಬ್ಬರದೂ ಸೇರಿ ಒಂದು ದೊಡ್ಡ ಮಂದೆ. ಚಳಿ ಕಳೆದು ಹುಲ್ಲು ಒಣಗಿದರೆ ಕುರಿ ಎಬ್ಬಿಸಿಕೊಂಡು ಎಮ್ಮೆದೊಡ್ಡಿ ಕಾವಲಿನ ಮೇವುಬಯಲಿನ ಕಡೆ ಹೊರಡುವರು. ಮುಂಗಾರಿಗೆ ಮುಂಚೆ ತಿರುಗಿ ಬಂದು ರೈತರ ಹೊಲಗಳಲ್ಲಿ ಮಂದೆ ನಿಲ್ಲಿಸುವರು. ರಾತ್ರಿಯೆಲ್ಲ ಕುರಿ ಮಲಗಿದ ನೆಲಕ್ಕೆ ಹಿಕ್ಕೆ, ಗಂಜಲ ಬಿದ್ದು ಆ ವರ್ಷದ ರಾಗಿ ಕಣ್ಣು ತುಂಬುವ ಹಾಗೆ ಬರುತ್ತದೆ. ಅದಕ್ಕೆ ಪ್ರತಿಯಾಗಿ ಹೊಲದವರು ಕಾಳು ಕೊಡಬೇಕು, ಮಂದೆ ಇರುವಷ್ಟು ದಿನ ಕಾಯುವವನಿಗೆ ಮನೆಯಲ್ಲಿ ಊಟ ಹಾಕಬೇಕು. ಕುರಿಮಂದೆ ಎಂದರೆ ಲಕ್ಷ್ಮಿ ಎಂದು ಮುಂದಿನ ಟಗರಿನ ಹಣೆಗೆ ಕುಂಕುಮ ಇಟ್ಟು ಬರಮಾಡಿಕೊಳ್ಳುವ ಮನೆಗಳೂ ಇದ್ದವು.

ಚಿಕ್ಕಬೀರಪ್ಪನ ಹೆಂಡತಿ ದ್ಯಾಮಮ್ಮ ಬಾಯಿಜೋರಿನ ಹೆಂಗಸು. ಗಂಡನನ್ನು ಬೈಯದೆ ಅವಳಿಗೆ ಮುದ್ದೆ ತೊಳಸಲು ಬರುವುದಿಲ್ಲ ಎಂದು ಹಟ್ಟಿಯವರು ನಗುತ್ತಿದ್ದರು. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಮರಳು ಬಗೆದು ಒರತೆ ತೆಗೆಯುವುದರಲ್ಲಿ ಮಾತ್ರ ಅವಳನ್ನು ಬಿಟ್ಟರಿಲ್ಲ. ತಿಳಿನೀರು ಜಿನುಗುವವರೆಗೂ ಬೈಯುತ್ತಲೇ ಬಗೆಯುವಳು, ನೀರು ಬಂದ ಮೇಲೆ ಮೊದಲು ಮರಿಗಳಿಗೆ ಕುಡಿಸುವಳು. ಜ್ವರ ಬಂದು ಅವಳು ತೀರಿಕೊಂಡಾಗ ಹಳ್ಳದ ಪಡುವಣ ದಡದಲ್ಲಿ, ಒರತೆಯ ಜಾಗಕ್ಕೆ ಎದುರಾಗಿ, ಒಂದು ಹೊಂಗೆಮರದ ಕೆಳಗೆ ಮಣ್ಣು ಮಾಡಿದರು. ಅಲ್ಲಿಂದ ಮುಂದೆ ಮಧ್ಯಾಹ್ನ ಕುರಿಗೆ ನೀರು ಕುಡಿಸಲು ಹೋದಾಗಲೆಲ್ಲ ಚಿಕ್ಕಬೀರಪ್ಪ ಅವಳ ತಲೆದೆಸೆಯ ಕಲ್ಲಿನ ಪಕ್ಕ ಕೂತು ಆವತ್ತಿನ ಸುದ್ದಿ ಹೇಳುತ್ತಿದ್ದ.

"ಕರಿಮೂತಿದು ಎರಡು ಮರಿ ಹಾಕ್ತು ಕಣೇ. ಒಂದು ನಿನ್ನಂಗೇ ಕಿರುಚ್ತದೆ."

ಹೇಳಿದ ಮೇಲೆ ಮನಸ್ಸು ಹಗುರಾಗುತ್ತಿತ್ತು. ಅವಳು ಬದುಕಿದ್ದಾಗ ಇಷ್ಟು ಮಾತಾಡಲು ಅವನಿಗೆ ಸಂದಿ ಸಿಕ್ಕಿರಲಿಲ್ಲ.

ಹಳ್ಳದ ಮೂಡಣ ದಡದಲ್ಲಿ ಕಲ್ಲೇಶಪ್ಪನ ಹೊಲ. ಕಲ್ಲೇಶಪ್ಪ ಅನುಕೂಲಸ್ಥ, ಊರ ಕಟ್ಟೆಯ ಮೇಲೆ ಮೊದಲ ಮಾತು ಆಡುವವನು, ದಿನದ ಲಿಂಗಪೂಜೆ ತಪ್ಪಿಸದವನು. ಆದರೆ ನೆಲದ ಆಸೆ ಅವನಿಗೆ ಕಜ್ಜಿಯ ಹಾಗೆ, ಕೆರೆದಷ್ಟೂ ಹೆಚ್ಚುತ್ತಿತ್ತು. ಅವನ ಹೊಲಕ್ಕೂ ಹಳ್ಳಕ್ಕೂ ನಡುವೆ ಜಾಲಿ, ಲಕ್ಕಿ, ಹೊಂಗೆ ಒತ್ತಾಗಿ ಬೆಳೆದ ಒಂದು ಪಟ್ಟಿ ಇತ್ತು. ಅದು ಯಾರ ಖಾತೆಯದೂ ಅಲ್ಲ, ಹಳ್ಳದ್ದು. ಮಳೆಗಾಲದ ನೀರು ಎಷ್ಟೇ ಕೊಬ್ಬಿ ಬಂದರೂ ಆ ಪೊದೆಯೊಳಗೆ ನುಗ್ಗಿ ಹೊರಗೆ ಬರುವಷ್ಟರಲ್ಲಿ ಅದರ ಸೊಕ್ಕು ಇಳಿದಿರುತ್ತಿತ್ತು. ಕಲ್ಲೇಶಪ್ಪ ಒಂದು ಬೇಸಿಗೆಯಲ್ಲಿ ಆ ಪಟ್ಟಿಯನ್ನು ಬೋಳಿಸಿದ. ಮರ ಇದ್ದಿಲಾಯಿತು, ಪೊದೆ ಬೂದಿಯಾಯಿತು. ಸಾಲದ್ದಕ್ಕೆ ಮಣ್ಣು ತಳ್ಳಿಸಿ ಹೊಲವನ್ನು ಹಳ್ಳದೊಳಕ್ಕೆ ಹಿಗ್ಗಿಸಿ, ಅದರ ಮುಂದೆ ಕಾಡುಗಲ್ಲಿನ ಒಡ್ಡು ಹಾಕಿಸಿದ.

ನೀರಿಗೆ ದಾರಿ ಬೇಕಲ್ಲ. ಆ ವರ್ಷ ಹಸ್ತ ಮಳೆ ಎಡೆಬಿಡದೆ ಹುಯ್ದಾಗ ಕೆಂಪಗೆ ಇಳಿದು ಬಂದ ನೀರು ಕಲ್ಲೇಶಪ್ಪನ ಒಡ್ಡಿಗೆ ಬಡಿದು ಪಡುವಣ ದಡಕ್ಕೆ ತಿರುಗಿಬಿತ್ತು. ಹೊಂಗೆಮರ ಬುಡಸಮೇತ ಹೋಯಿತು. ಮಳೆ ನಿಂತ ಮೇಲೆ ಚಿಕ್ಕಬೀರಪ್ಪ ಹೋಗಿ ನೋಡಿದರೆ ದ್ಯಾಮಮ್ಮನನ್ನು ಮಲಗಿಸಿದ ಜಾಗವೇ ಇರಲಿಲ್ಲ. ಕತ್ತಿಯಲ್ಲಿ ಕೊಯ್ದ ಹಾಗೆ ಕಡಿದಾದ ದಡ, ಕೆಳಗೆ ಕೆಸರು. ಅಣ್ಣ ತಮ್ಮ ಇಬ್ಬರೂ ಹಳ್ಳದುದ್ದಕ್ಕೂ ಕೆರೆಯವರೆಗೆ ಹುಡುಕಿದರು. ಸಿಕ್ಕಿದ್ದು ಅವಳಿಗೆ ಹೊದಿಸಿದ್ದ ಕಂಬಳಿಯ ಒಂದು ಚೂರು ಮಾತ್ರ. ಅದನ್ನು ಎದೆಗೊತ್ತಿಕೊಂಡು ಚಿಕ್ಕಬೀರಪ್ಪ ಕೆಸರಿನಲ್ಲೇ ಕೂತು ಅತ್ತ. ಒರತೆಯ ಮರಳೂ ಕೊಚ್ಚಿಹೋಗಿ ಬರೀ ಕಲ್ಲುಹಾಸು ಎದ್ದಿತ್ತು. ಮುಂದಿನ ಬೇಸಿಗೆಗೆ ಕುರಿಗೆ ಕುಡಿಸಲು ಹಳ್ಳದಲ್ಲಿ ಬೊಗಸೆ ನೀರೂ ಇಲ್ಲವೆಂಬುದು ಆಗಲೇ ಕಾಣುತ್ತಿತ್ತು.

ಅವನು ನೇರ ಕಟ್ಟೆಗೆ ಹೋದ. ಕಲ್ಲೇಶಪ್ಪ ನಾಲ್ಕು ಜನರ ನಡುವೆ ಕೂತು ಎಲೆಯಡಿಕೆ ಹಾಕುತ್ತಿದ್ದ.

"ಗೌಡ್ರೇ, ಆ ಒಡ್ಡು ತೆಗೆಸ್ಬಿಡಿ. ಹಳ್ಳದ ಜಾಗ ಹಳ್ಳಕ್ಕೆ ಬಿಡಿ. ನನ್ನೆಂಡ್ತಿ ಗುಂಡೀನೇ ಕೊಚ್ಕೊಂಡೋಯ್ತು."

ಕಲ್ಲೇಶಪ್ಪ ಸುಣ್ಣ ಹಚ್ಚುತ್ತಲೇ ಹೇಳಿದ: "ಹೆಂಡ್ರು ಓಡೋದ್ಲು ಅಂತ ಕಟ್ಟೆಗೆ ಬಂದು ಅಳೋರ್ನ ನೋಡಿದೀನಿ. ನಿನ್ನೆಂಡ್ತಿ ಸತ್ತ ಮ್ಯಾಲೂ ಓಡೋದ್ಲೇನೋ? ಹೋಗು, ಕೆರೆ ಏರಿ ಹತ್ರ ಕಾಯ್ತಾ ಕೂತಿರ್ತಾಳೆ. ಸಮಾಧಾನ ಮಾಡಿ ಕರ್ಕೊಂಡ್ಬಾ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಕೆಲವರು ಮನಸ್ಸಿಲ್ಲದೆ ನಕ್ಕರು, ಆದರೂ ನಕ್ಕರು. ಚಿಕ್ಕಬೀರಪ್ಪ ಕಂಬಳಿಯನ್ನು ಹೆಗಲ ಮೇಲೆ ಎಳೆದುಕೊಂಡ. ತಿರುಗಿ ಹೊರಟಾಗ ಬೆನ್ನ ಹಿಂದೆ ಕಲ್ಲೇಶಪ್ಪ "ಬಡವನ ಕೋಪ ದವಡೆಗೆ ಮೂಲ" ಎಂದದ್ದೂ ಕೇಳಿಸಿತು.

ಮೊದಲು ಅವನಿಗೆ ಕೊಲ್ಲಬೇಕೆನ್ನಿಸಿತು. ಸೊಪ್ಪು ಕಡಿಯುವ ಕೊಡಲಿ ಕೈಯಲ್ಲೇ ಇತ್ತು. ಆದರೆ ಕೊಂದರೆ ಆಯಿತೇ? ಒಂದು ಗಳಿಗೆಯ ನೋವು, ಆಮೇಲೆ ಅವನು ನೆಮ್ಮದಿಯಾಗಿ ಮಲಗುತ್ತಾನೆ; ಅವನ ಗುಂಡಿಯನ್ನು ಯಾವ ಹಳ್ಳವೂ ಕೊಚ್ಚುವುದಿಲ್ಲ. ಚಿಕ್ಕಬೀರಪ್ಪನಿಗೆ ಬೇಕಾದದ್ದು ಬೇರೆ. ಕಲ್ಲೇಶಪ್ಪ ಕದ್ದ ನೆಲ ಅವನ ಕಣ್ಣೆದುರಿಗೇ ಅವನ ಕೈ ಬಿಟ್ಟು ಹೋಗಬೇಕು. ಒಂದು ದಿನ, ಅದನ್ನು ಕಿತ್ತುಕೊಂಡವನು ಯಾರೆಂದು ಅವನಿಗೆ ತಿಳಿಯಬೇಕು. ತಿಳಿಯದೆ ಹೋದರೆ ಅದು ಮುಯ್ಯೇ ಅಲ್ಲ.

ಉಪಾಯ ಹೊಳೆದದ್ದು ಕುರಿರೊಪ್ಪದ ಕಸದಲ್ಲಿ. ಜಾಲಿಕಾಯಿ ಎಂದರೆ ಕುರಿಗೆ ಪ್ರಾಣ. ಬೇಸಿಗೆಯಲ್ಲಿ ಮರದ ಕೆಳಗೆ ಉದುರಿದ ಕಾಯನ್ನು ಮುಕ್ಕುತ್ತವೆ. ರಾತ್ರಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಉಗುಳುತ್ತವೆ, ಉಳಿದದ್ದು ಹಿಕ್ಕೆಯಲ್ಲಿ ಬೀಳುತ್ತದೆ. ಕುರಿಯ ಹೊಟ್ಟೆ ಕಂಡು ಬಂದ ಬೀಜ ಒಂದೆರಡು ಮಳೆಗೇ ಮೊಳೆಯುತ್ತದೆ. ಪ್ರತಿ ಮುಂಗಾರಿನಲ್ಲೂ ರೊಪ್ಪದ ಕಸದಲ್ಲಿ ಜಾಲಿಸಸಿ ಏಳುವುದು, ಹೆಂಗಸರು ಬೈದುಕೊಂಡು ಕೀಳುವುದು ಇದ್ದದ್ದೇ. ಅದಕ್ಕೇ ಕುರಿ ಕಾಯುವವರಲ್ಲಿ ಒಂದು ಕಟ್ಟಳೆ ಇತ್ತು: ಜಾಲಿಕಾಯಿ ತಿಂದ ಮಂದೆಯನ್ನು ನೇರವಾಗಿ ಪರರ ಹೊಲಕ್ಕೆ ಹೊಡೆಯಬಾರದು. ಕೆಲವು ದಿನ ಬಯಲಲ್ಲಿ ಬರೀ ಹುಲ್ಲು ಮೇಯಿಸಿ, ಹೊಟ್ಟೆ ತೆರವಾದ ಮೇಲೆ ನಿಲ್ಲಿಸಬೇಕು. ಆ ಕಟ್ಟಳೆ ಮುರಿದವನನ್ನು ಆ ಸೀಮೆ ಕಂಡಿರಲಿಲ್ಲ. ಹೀಗಾಗಿ ಹೊಲದವರೂ ಅದರ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ.

ಅಣ್ಣ ಮಾಡಲು ಹೊರಟದ್ದು ತಿಳಿದು ಅಂಜಿನಪ್ಪ ಬೆಚ್ಚಿದ.

"ಇದು ಕಸುಬಿಗೆ ದ್ರೋಹ ಕಣೋ ಅಣ್ಣಾ. ನಾಳೆ ಗೊತ್ತಾದ್ರೆ ಯಾವನೂ ಹೊಲದಾಗೆ ಮಂದೆ ನಿಲ್ಸಾಕೆ ಬಿಡಲ್ಲ. ನಮ್ಮೊಟ್ಟೆ ಮ್ಯಾಲೆ ನಾವೇ ಹೊಡ್ಕೊಂಡಂಗೆ."

"ಹೊಡ್ಕೊಂತೀನಿ."

"ಅತ್ತಿಗೆ ಇದ್ದಿದ್ರೆ ಒಪ್ತಿದ್ಲಾ?"

"ಅವಳಿದ್ದಿದ್ರೆ ಆವತ್ತೇ ಕಟ್ಟೆ ಹತ್ತಿ ಅವನ ಮೀಸೆ ಕಿತ್ತು ಕೈಗೆ ಕೊಟ್ಟಿರೋಳು. ನಾನೇ ತಡ ಮಾಡ್ತಿರೋದು."

ಆ ವರ್ಷವೆಲ್ಲ ಚಿಕ್ಕಬೀರಪ್ಪ ನಗುವುದನ್ನು ರೂಢಿ ಮಾಡಿದ. ಕಲ್ಲೇಶಪ್ಪ ಎದುರಾದರೆ ದಾರಿ ಬಿಟ್ಟು ನಿಂತು ಕೈ ಮುಗಿಯುವನು, ಅವನ ಎತ್ತುಗಳ ಆರೋಗ್ಯ ವಿಚಾರಿಸುವನು. ಒಳಗೆ ಹಲ್ಲು ಕಡಿದು ದವಡೆ ನೋಯುತ್ತಿತ್ತು. ಕಲ್ಲೇಶಪ್ಪ ಇದನ್ನು ಕಂಡು, ಇಂಥವರಿಗೆ ಸಿಟ್ಟೂ ಹಸಿವಿನ ಹಾಗೆ, ಆ ಹೊತ್ತಿಗೆ ಬರುತ್ತದೆ ಹೋಗುತ್ತದೆ ಎಂದುಕೊಂಡ. ಇತ್ತ ಹಳ್ಳದಿಂದ ಕದ್ದ ನೆಲ ಬರೀ ಮರಳು. ಅಲ್ಲಿ ಹಾಕಿದ ರಾಗಿ ಗೇಣುದ್ದ ಎದ್ದು ಕೆಂಪಾಗಿ ಕೂತಿತು. ಗೊಬ್ಬರ ಬೇಕಾಯಿತು. ಕೊನೆಗೆ ಅವನೇ ಕರೆದ.

"ಏನಪ್ಪಾ ಬೀರಪ್ಪ, ಈ ಸಲ ನಮ್ಮ ಹಳ್ಳದ ಹೊಲದಾಗೆ ಮಂದೆ ನಿಲ್ಸು. ಕಾಳು ಕೈತುಂಬ ಕೊಡಿಸ್ತೀನಿ."

"ಅದಕ್ಕೇನ್ರೀ ಗೌಡ್ರೇ. ನೀವು ಹೇಳೋದು ಹೆಚ್ಚೋ, ನಾನು ಬರೋದು ಹೆಚ್ಚೋ."

ಕಾವಲಿನ ಅಂಚಿನಲ್ಲಿ ಜಾಲಿಮರಗಳು ಕಾಯಿ ತುಂಬಿ ನಿಂತಿದ್ದವು. ಚಿಕ್ಕಬೀರಪ್ಪ ದೋಟಿ ಹಿಡಿದು ಕೊಂಬೆ ಕೊಂಬೆಯನ್ನೂ ಅಲ್ಲಾಡಿಸಿ ಕೆಡವಿ, ಕುರಿಗಳು ಇನ್ನು ಸಾಕೆಂದು ಮುಖ ತಿರುಗಿಸುವವರೆಗೆ ತಿನ್ನಿಸಿದ. ಆಮೇಲೆ ಎಲ್ಲೂ ನಿಲ್ಲಿಸದೆ ಕಲ್ಲುಹಟ್ಟಿಗೆ ಹೊಡೆದುಕೊಂಡು ಬಂದ. ಕಲ್ಲೇಶಪ್ಪನ ಹೆಂಡತಿ ಮಲ್ಲಿಕಾಂಬ ಹೊಲದ ಬದುವಿನಲ್ಲಿ ನಿಂತು ಮುಂದಿನ ಟಗರಿನ ಹಣೆಗೆ ಕುಂಕುಮ ಇಟ್ಟು, ಕಾಯಿ ಒಡೆದು ಮಂದೆಯನ್ನು ಒಳಗೆ ಕರೆದಳು. ಮುಳ್ಳಿಗೆ ಆರತಿ ಎತ್ತಿದ ಆ ನೋಟವನ್ನು ನೋಡುತ್ತ ಚಿಕ್ಕಬೀರಪ್ಪನಿಗೆ ಆದ ಸಂತೋಷ ಸುಳ್ಳಲ್ಲ.

ಒಂದು ವಿಷಯ ಮಾತ್ರ ಅವನನ್ನು ಕಾಡಿತ್ತು. ಮಂದೆ ಇರುವಷ್ಟು ದಿನ ಅವರ ಮನೆಯಲ್ಲೇ ಉಣ್ಣಬೇಕು, ಉಪ್ಪುಂಡ ಮನೆಗೆ ಎರಡು ಬಗೆಯಬಾರದು. ಕಸುಬಿನ ಕಟ್ಟಳೆ ಮುರಿದವನಿಗೆ ಈ ಕಟ್ಟಳೆ ಮುರಿಯುವ ಧೈರ್ಯ ಬರಲಿಲ್ಲ. ಅದಕ್ಕೂ ಒಂದು ದಾರಿ ಕಂಡುಕೊಂಡಿದ್ದ. ಅಂಜಿನಪ್ಪ ಆ ಜಗಲಿಯನ್ನೇ ಹತ್ತುವುದಿಲ್ಲವೆಂದು ಹೊಲದಲ್ಲೇ ಉಳಿದು ಹಟ್ಟಿಯ ಬುತ್ತಿ ಬಿಚ್ಚುತ್ತಿದ್ದ. ಚಿಕ್ಕಬೀರಪ್ಪ ಜಗಲಿಯ ಮೇಲೆ ಎಲೆಯ ಮುಂದೆ ಕೂತು ಹೇಳಿದ:

"ಅಮ್ಮಾರೇ, ನಂಗೊಂದು ಹರಕೆ ಐತೆ. ಉಪ್ಪು ಬಿಟ್ಟೀನಿ. ಸಪ್ಪನೆ ಸಾರೇ ಬಿಡ್ರಿ."

ಮಲ್ಲಿಕಾಂಬ ಅವನಿಗೆಂದೇ ಉಪ್ಪಿಲ್ಲದ ಸಾರು ತೆಗೆದಿಡತೊಡಗಿದಳು. ಮರೆತು ಉಪ್ಪಿನಕಾಯಿ ಬಡಿಸಿದರೆ ಅವನು ಬೆರಳ ತುದಿಯಿಂದ ಎಲೆಯ ಆಚೆಗೆ ಸರಿಸುವನು. ಕೆಲವು ದಿನ ಇದನ್ನು ನೋಡಿದ ಮೇಲೆ ಅವಳು ಸಾರಿನ ಸೌಟು ಹಿಡಿದುಕೊಂಡೇ ಕೇಳಿದಳು:

"ಯಾವ ದೇವ್ರಿಗೋ ಈ ಹರಕೆ?"

"ಮನೆದೇವ್ರಿಗೆ ಅಮ್ಮಾರೇ."

"ಬೀರಪ್ಪ ದೇವ್ರಿಗೆ ಉಪ್ಪು ಬಿಡೋ ಹರಕೆ ನಾನಂತೂ ಕೇಳಿಲ್ಲ."

ಚಿಕ್ಕಬೀರಪ್ಪ ಮುದ್ದೆ ಮುರಿದು ಸಪ್ಪನೆ ಸಾರಿಗೆ ಅದ್ದಿದ. ಉಪ್ಪು ಬೇಡವೆನ್ನುವ ಅತಿಥಿ ಏಕೆ ಬೇಡವೆನ್ನುತ್ತಾನೆ ಎಂಬುದು ಅವಳಿಗೆ ತಿಳಿಯದ್ದಲ್ಲ. ಗಂಡ ಕಟ್ಟೆಯ ಮೇಲೆ ಆಡಿದ ಮಾತು ಅವಳ ಕಿವಿಗೂ ಬಿದ್ದಿತ್ತು. ಆವತ್ತು ಅವಳು ಗಂಡನಿಗೆ ಬಡಿಸುವಾಗ ಮಾತಾಡಿರಲಿಲ್ಲ. ಈಗ ದನಿ ತಗ್ಗಿಸಿ ಅಂದಳು: "ನೋಡಪ್ಪಾ, ನಮ್ಮ ಮಕ್ಕಳ ಮೈಗೆ ಏನೂ ತಟ್ಟಬಾರದು."

"ಮಕ್ಕಳ ತಂಟೆಗಿಲ್ಲ ಅಮ್ಮಾರೇ. ಮುಂದಿರೋ ಅನ್ನದಾಣೆ."

ಅವಳು ಇನ್ನೊಂದು ಸೌಟು ಸಪ್ಪನೆ ಸಾರು ಬಿಟ್ಟು ಒಳಗೆ ಹೋದಳು. ಗಂಡನಿಗೆ ಏನೂ ಹೇಳಲಿಲ್ಲ.

ಮುಂಗಾರು ಹಿಡಿದ ಮೇಲೆ ರಾಗಿಯ ಜೊತೆಗೇ ಜಾಲಿ ಎದ್ದಿತು. ಆ ಮೊದಲ ವರ್ಷ ಕಲ್ಲೇಶಪ್ಪ ಹಳ್ಳದ ನೀರಿನಲ್ಲಿ ತೇಲಿ ಬಂದ ಬೀಜ ಎಂದುಕೊಂಡು ಕೀಳಿಸಿದ. ಜಾಲಿ ಮೇಲೆ ಬೆರಳುದ್ದ ಕಂಡರೆ ಕೆಳಗೆ ಮೊಳದುದ್ದ ಬೇರು ಬಿಟ್ಟಿರುತ್ತದೆ. ಕಿತ್ತದ್ದು ಅರ್ಧ, ತುಂಡಾಗಿ ಉಳಿದದ್ದು ಅರ್ಧ. ಗೊಬ್ಬರ ಹಿಡಿದ ಕಡೆ ರಾಗಿ ಚೆನ್ನಾಗಿ ಬಂದದ್ದರಿಂದ ಮರುವರ್ಷವೂ ಅವನೇ ಮಂದೆ ಕರೆದ. ಅದರ ಮರುವರ್ಷವೂ ಕರೆದ. ತನ್ನ ಹೊಲಕ್ಕೆ ಮುಳ್ಳು ಬಿತ್ತಲು ತಾನೇ ಕಾಳು ಅಳೆದು ಕೊಟ್ಟ. ಇಷ್ಟು ಚೆಂದದ ಮುಯ್ಯಿಯನ್ನು ಚಿಕ್ಕಬೀರಪ್ಪನೂ ನಿರೀಕ್ಷಿಸಿರಲಿಲ್ಲ.

ಕೊನೆಗೆ ಉಳುವ ಎತ್ತಿನ ಗೊರಸಿಗೆ ಮುಳ್ಳು ಹೊಕ್ಕು ಕೀವಾಯಿತು. ಕಳೆ ಕೀಳುವ ಹೆಂಗಸರು ಆ ಪಟ್ಟಿಗೆ ಕಾಲಿಡುವುದಿಲ್ಲವೆಂದರು. ಕಲ್ಲೇಶಪ್ಪ ಬೈದು, ಗದರಿ, ಸೋತು, ಹಳ್ಳದ ಅಂಚನ್ನು ಬಿಟ್ಟು ಮೇಲಿನ ಹೊಲವನ್ನಷ್ಟೇ ಉತ್ತ. ಬಿಟ್ಟದ್ದೇ ತಡ, ಜಾಲಿ ಆಳುದ್ದ ಎದ್ದಿತು. ಮುಳ್ಳಿನ ಮರೆಯಲ್ಲಿ ದನ ಬಾಯಿ ಹಾಕಲಾಗದೆ ಲಕ್ಕಿ ಚಿಗುರಿತು, ಹಳೆಯ ಹೊಂಗೆಯ ಬುಡಗಳು ಒಡೆದವು. ಒಂದು ಮಳೆಗಾಲದಲ್ಲಿ ಕಾಡುಗಲ್ಲಿನ ಒಡ್ಡು ಸಡಿಲಿ ಬಿತ್ತು. ಮತ್ತೆ ಕಟ್ಟಲು ಅದರ ಹತ್ತಿರಕ್ಕೇ ಯಾರೂ ಹೋಗುವಂತಿರಲಿಲ್ಲ. ಹಳ್ಳ ತನ್ನ ಹಳೆಯ ಪಾತ್ರಕ್ಕೆ ಮರಳಿತು. ಪೊದೆಯಲ್ಲಿ ಸಿಕ್ಕಿಕೊಂಡ ಮರಳು ವರ್ಷದಿಂದ ವರ್ಷಕ್ಕೆ ಕೂತು ಕಲ್ಲುಹಾಸು ಮುಚ್ಚಿ, ಒಂದು ಬೇಸಿಗೆಯಲ್ಲಿ ಅಂಜಿನಪ್ಪ ಬಗೆದು ನೋಡಿದರೆ ಒರತೆ ಜಿನುಗಿತು. ಅವನು ಕೇಕೆ ಹಾಕಿ ಅಣ್ಣನನ್ನು ಕರೆದ. ಚಿಕ್ಕಬೀರಪ್ಪ ಒಂದು ಬೊಗಸೆ ಕುಡಿದು, ಮುಖ ತೊಳೆದುಕೊಂಡು, ಮೊದಲು ಮರಿಗಳನ್ನು ನೀರಿಗೆ ಬಿಟ್ಟ.

ಆದರೆ ನೀರಿಗೆ ಯಾರ ಹಗೆತನವೂ ತಿಳಿಯದು. ಒರತೆ ಬಂದ ಹಾಗೆ ಹಳ್ಳಕ್ಕೆ ಅತಿ ಹತ್ತಿರದ ಬಾವಿಗೂ ನೀರು ಬಂತು, ಆ ಬಾವಿ ಕಲ್ಲೇಶಪ್ಪನದು. ವೈಶಾಖದಲ್ಲೂ ಅದು ಬತ್ತಲಿಲ್ಲ.

"ನೋಡ್ದಾ ಅಣ್ಣಾ," ಎಂದು ಅಂಜಿನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಅವನ ಮನೆ ಹಾಳು ಮಾಡಾಕೋಗಿ ಅವನ ಬಾವಿ ತುಂಬಿಸ್ದೆ."

ಚಿಕ್ಕಬೀರಪ್ಪನಿಗೆ ಮೈಯೆಲ್ಲ ಉರಿಯಿತು. ಪೊದೆಗೆ ಬೆಂಕಿ ಇಡಬೇಕೆನ್ನಿಸಿ ಒಂದು ದಿನ ಬೆಂಕಿಪೊಟ್ಟಣ ಹಿಡಿದು ಹೋಗಿಯೂ ಇದ್ದ. ಕುರಿಗಳು ಒರತೆಗೆ ಬಾಯಿ ಹಾಕಿ ಕುಡಿಯುತ್ತಿದ್ದುದನ್ನು ನೋಡಿ, ಬೈದುಕೊಂಡು ವಾಪಸು ಬಂದ. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ತುಂಬಿದ ಬಾವಿ ನೋಡಿ ಕಲ್ಲೇಶಪ್ಪನ ಕಜ್ಜಿ ಮತ್ತೆ ಎದ್ದಿತ್ತು. ಬಾವಿಗೆ ಇಂಜಿನ್ ಇಡಿಸಿ ಕಬ್ಬು ಹಾಕುತ್ತಾನಂತೆ, ಅದಕ್ಕೆ ನೆಲ ಸಾಲದಂತೆ. ಲಕ್ಕವಳ್ಳಿಯ ಅಣೆಕಟ್ಟಿನ ಕೆಲಸ ಮುಗಿಸಿ ಕೂತ ಕೂಲಿಯವರ ಒಂದು ತಂಡವನ್ನು ದೀಪಾವಳಿ ಕಳೆದ ಮೇಲೆ ಕರೆಸಿ, ಜಾಲಿಯನ್ನೆಲ್ಲ ಬೇರುಸಹಿತ ಅಗೆಸಿ ಹಾಕುತ್ತಾನಂತೆ. ಎಷ್ಟೋ ವರ್ಷ ಕಾಪಾಡಿದ ಮುಯ್ಯಿ ಗುದ್ದಲಿಯ ಬಾಯಿಗೆ ಹೋಗುವುದರಲ್ಲಿತ್ತು. ಚಿಕ್ಕಬೀರಪ್ಪನಿಗೆ ಊಟ ಸೇರಲಿಲ್ಲ.

ಆ ಆಷಾಢದಲ್ಲಿ ಬ್ಲಾಕ್ ಆಫೀಸಿನಿಂದ ಬಿ.ಡಿ.ಓ. ಸಾಹೇಬರು ವನಮಹೋತ್ಸವಕ್ಕೆಂದು ಬಂದರು. ಸುತ್ತಲಿನ ಹಳ್ಳಗಳೆಲ್ಲ ದಡ ಕಿತ್ತುಕೊಂಡು ಹೊಲ ನುಂಗಿದ್ದ ವರ್ಷ ಅದು. ಕೆಂಚಮ್ಮನ ಹಳ್ಳದ ಮೂಡಣ ದಡ ಮಾತ್ರ ಗಟ್ಟಿಯಾಗಿ ನಿಂತದ್ದನ್ನು ಜೀಪಿನಿಂದಿಳಿದು ನೋಡಿ ಅವರು ತುಂಬ ಮೆಚ್ಚಿದರು. ಇದು ಯಾರ ಹೊಲ ಎಂದು ಕೇಳಿದರು. ಕಲ್ಲೇಶಪ್ಪ ಮುಂದೆ ಬಂದ. ಶಾಲೆಯ ಮುಂದಿನ ಚಪ್ಪರದಲ್ಲಿ ಊರೆಲ್ಲ ಸೇರಿದ್ದಾಗ ಸಾಹೇಬರು ಅವನ ಕೊರಳಿಗೆ ಹಾರ ಹಾಕಿ ಎರಡು ಮಾತಾಡಲು ಹೇಳಿದರು. ಹಾರದ ಭಾರಕ್ಕೆ ಕಲ್ಲೇಶಪ್ಪನ ನಾಲಿಗೆ ಸಡಿಲಾಯಿತು.

"ಹಳ್ಳ ಅಂದ್ರೆ ತಾಯಿ ಇದ್ದಂಗೆ ಸ್ವಾಮಿ," ಎಂದ. "ತಾಯಿ ಸೆರಗಿನ ಮ್ಯಾಲೆ ನೇಗಿಲು ಹೊಡೀಬಾರ್ದು ಅಂತ ನಾನೇ ಅಷ್ಟು ಜಾಗ ಬಿಟ್ಟೆ. ಲುಕ್ಸಾನು ಆಯ್ತು, ಆಗ್ಲಿ ಅಂದೆ. ಗಿಡ ನಾನೇ ಬೆಳೆಸ್ದೆ."

ಜನ ಚಪ್ಪಾಳೆ ತಟ್ಟಿದರು. ಹಿಂದುಗಡೆ ಕಂಬಳಿ ಹೊದ್ದು ನಿಂತಿದ್ದ ಚಿಕ್ಕಬೀರಪ್ಪನಿಗೆ ಮೊದಲು ಕಣ್ಣು ಕತ್ತಲಿಟ್ಟ ಹಾಗಾಯಿತು. ಮರುಕ್ಷಣ, ಮೀನು ತಾನಾಗಿ ಬಲೆಗೆ ಹಾರಿದ್ದು ಕಂಡಿತು. ಅವನು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದು ಕೈ ಮುಗಿದ.

"ಸ್ವಾಮಿ, ನಮ್ ಗೌಡ್ರು ದೊಡ್ಮನುಷ್ಯರು. ಅವರು ಇರೋಗಂಟ ಹಳ್ಳಕ್ಕೆ ಭಯ ಇಲ್ಲ. ನಾಳೆ ಮಕ್ಕಳು ಮೊಮ್ಮಕ್ಕಳು ಯಾರಾನಾ ಗುದ್ದಲಿ ಹಾಕಿದ್ರೆ? ಗೌಡ್ರು ಈಗ್ಲೇ, ಎಲ್ರ ಮುಂದೆ, ಕೊರಳಾಗಿರೋ ಲಿಂಗ ಮುಟ್ಟಿ ಒಂದು ಮಾತು ಹೇಳ್ಬಿಡ್ಲಿ. ತಾನೂ ಕಡಿಯಲ್ಲ, ತನ್ನ ವಂಶದೋರೂ ಕಡಿಯಲ್ಲ ಅಂತ. ಊರು ಅವರ ಹೆಸರು ಹೇಳ್ಕೊಂಡು ಬಾಳ್ತದೆ."

"ಒಳ್ಳೆಯ ಮಾತು," ಎಂದರು ಸಾಹೇಬರು. ಜನ "ಹೇಳ್ಲಿ, ಹೇಳ್ಲಿ" ಎಂದರು. ಕಲ್ಲೇಶಪ್ಪನ ಮುಖ ಸುಣ್ಣವಾಯಿತು. ಉಗುಳಲೂ ಆಗದೆ ನುಂಗಲೂ ಆಗದೆ ಸಾಹೇಬರ ಕಡೆ ನೋಡಿದ, ಜನರ ಕಡೆ ನೋಡಿದ, ಹೆಂಗಸರ ಸಾಲಿನಲ್ಲಿ ಕೂತ ಮಲ್ಲಿಕಾಂಬಳ ಕಡೆ ನೋಡಿದ. ಅವಳು ಕಣ್ಣು ಬೇರೆ ಕಡೆ ತಿರುಗಿಸಿದಳು. ಕೊನೆಗೆ ಹಾರ ಪಕ್ಕಕ್ಕೆ ಸರಿಸಿ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿ, ಯಾರಿಗೂ ಸರಿಯಾಗಿ ಕೇಳದ ದನಿಯಲ್ಲಿ ಹೇಳಿದ.

"ಜೋರಾಗಿ ಗೌಡ್ರೇ," ಎಂದ ಚಿಕ್ಕಬೀರಪ್ಪ. "ಹಿಂದಿರೋರ್ಗೆ ಕೇಳಿಸ್ಲಿಲ್ಲ."

ಕಲ್ಲೇಶಪ್ಪ ಜೋರಾಗಿ ಇನ್ನೊಮ್ಮೆ ಹೇಳಿದ.

ಬಿಸಿಲು ಇಳಿಯುವ ಹೊತ್ತಿಗೆ ಅವನು ಒಬ್ಬನೇ ಹಳ್ಳದ ಹತ್ತಿರ ಬಂದ. ಕುರಿಗಳು ನೀರು ಕುಡಿಯುತ್ತಿದ್ದವು.

"ಲೇ, ಸಭೆನಾಗೆ ಎದ್ದು ಬಾ ಅಂತ ನಿನ್ನ ಯಾವನ್ಲಾ ಕರೆದಿದ್ದು? ನನ್ನ ಹೊಲದ ಉಸಾಬರಿ ನಿಂಗ್ಯಾಕೆ?"

ಚಿಕ್ಕಬೀರಪ್ಪ ಈ ಗಳಿಗೆಗಾಗಿ ಎಷ್ಟು ಸಲ ಮಾತು ಜೋಡಿಸಿದ್ದನೋ ಲೆಕ್ಕವಿಲ್ಲ. ಈಗ ಅವಸರವೇ ಇರಲಿಲ್ಲ.

"ಈ ಜಾಲಿ ಹೆಂಗ್ ಬಂತು ಗೊತ್ತಾ ಗೌಡ್ರೇ?"

"ಹಳ್ಳದಾಗೆ ತೇಲ್ಕೊಂಡು ಬಂತು."

"ತೇಲ್ಕೊಂಡು ಬರ್ಲಿಲ್ಲ. ನಾನು ಬಿತ್ತಿದ್ದು. ಕಾವಲಾಗೆ ಜಾಲಿಕಾಯಿ ತಿನ್ಸಿ, ನೆಟ್ಟಗೆ ನಿಮ್ಮೊಲಕ್ಕೆ ಹೊಡ್ಕೊಂಡ್ ಬತ್ತಿದ್ದೆ. ಅವು ಉಗುಳಿದ್ದೇ ಇದು. ನಿಮ್ಮ ಕಾಳು ಇಸ್ಕೊಂಡೆ, ನಿಮ್ಮ ಜಗಲಿ ಮ್ಯಾಲೆ ಕೂತೆ, ನಿಮ್ಮೊಲದಾಗೆ ಮುಳ್ಳು ಹಾಕ್ದೆ. ದ್ಯಾಮಿ ಓಡೋದ್ಲು ಅಂದ್ರಲ್ಲ. ಅದಕ್ಕೆ."

ಕಲ್ಲೇಶಪ್ಪ ಪೊದೆಯನ್ನು ನೋಡಿದ, ಕುರಿಗಳನ್ನು ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾಗುತ್ತಿದ್ದ ಹಾಗೆ ಕತ್ತಿನ ನರ ಉಬ್ಬಿದವು.

"ಊರಿಗೆಲ್ಲ ಹೇಳ್ತೀನಿ ಕಣೋ. ಇನ್ಮ್ಯಾಲೆ ಯಾವನೂ ನಿನ್ನ ಮಂದೆ ಹೊಲಕ್ಕೆ ಸೇರಿಸ್ಕೊಬಾರ್ದು, ಹಂಗ್ ಮಾಡ್ತೀನಿ."

"ಹೇಳಿ. ಮಧ್ಯಾನ ನಾನೇ ಬೆಳೆಸ್ದೆ ಅಂದ್ರಿ. ಸಾಯಂಕಾಲ ಕುರಿ ಕಾಯೋನು ಟೋಪಿ ಹಾಕ್ದ ಅಂತ ಹೇಳಿ. ಕಟ್ಟೆ ಮ್ಯಾಲೆ ಎಲ್ರೂ ನಗ್ತಾರೆ. ನಗಾಕೆ ಅವರಿಗೆ ಚೆನ್ನಾಗಿ ಬತ್ತದೆ."

ಕಲ್ಲೇಶಪ್ಪ ಊರಿನ ಕಡೆ ತಿರುಗಿ ನೋಡಿದ. ಸಾಹೇಬರಿಗೆ ಸುಳ್ಳು ಹೇಳಿದ್ದು, ಲಿಂಗ ಮುಟ್ಟಿದ್ದು, ಮೋಸಹೋದದ್ದು, ಒಂದನ್ನು ಬಾಯಿಬಿಟ್ಟರೆ ಎಲ್ಲವೂ ಹೊರಗೆ ಬೀಳುತ್ತಿತ್ತು. ಬಾಡಿದ ಹಾರದ ಹೂಗಳು ಇನ್ನೂ ಅವನ ಅಂಗಿಗೆ ಅಂಟಿಕೊಂಡಿದ್ದವು.

"ನಿಂಗೆ ಇನ್ನೇನೋ ಬೇಕು?" ಎಂದ ಕೊನೆಗೆ. "ನಾನು ಸಾಯ್ಬೇಕಾ?"

"ಬಿಡ್ತು ಅನ್ನಿ. ಅಂತರಘಟ್ಟಮ್ಮ ನಿಮಗೆ ನೂರು ವರ್ಷ ಕೊಡ್ಲಿ. ಕಣ್ಣೂ ಚೆನ್ನಾಗಿರ್ಲಿ. ದಿನಾ ಬೆಳಗಾಗೆದ್ದು ಇದ್ನ ನೋಡ್ಬೇಕು ನೀವು."

ಅಷ್ಟು ಹೇಳಿ ಅವನು ಕುರಿಗಳನ್ನು ಎಬ್ಬಿಸಿದ. ಎದೆ ತಣ್ಣಗಾಯಿತೇ ಎಂದು ಅಂಜಿನಪ್ಪ ಕೇಳಿದ. ಆಯಿತು ಎಂದ ಚಿಕ್ಕಬೀರಪ್ಪ. ಕೆಟ್ಟದ್ದು ಮಾಡಿದೆನೆಂಬ ಅಳುಕು ಅವನಿಗೆ ಆವತ್ತೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಕೂಲಿಯ ತಂಡ ಬರಲಿಲ್ಲ. ಕಬ್ಬು ಮೇಲಿನ ಹೊಲಕ್ಕಷ್ಟೇ ಸೀಮಿತವಾಯಿತು. ಯಾರಾದರೂ ಅಧಿಕಾರಿ ಬಂದರೆ ಊರಿನವರು ಕರೆದುಕೊಂಡು ಹೋಗಿ ಕಲ್ಲೇಶಪ್ಪನ ಬಾಯಿಂದಲೇ ಹಳ್ಳದ ಕಥೆ ಹೇಳಿಸುತ್ತಿದ್ದರು, ಅವನು ಹೇಳಲೇಬೇಕಾಗುತ್ತಿತ್ತು. ಚಿಕ್ಕಬೀರಪ್ಪ ಅಂಥ ದಿನಗಳಲ್ಲಿ ಎಲ್ಲಿದ್ದರೂ ಬಂದು ಹಿಂದೆ ನಿಂತು ಕೇಳುತ್ತಿದ್ದ.

ಎರಡು ಮೂರು ವರ್ಷ ಕಳೆದಿರಬೇಕು. ಮಳೆಗಾಲದಲ್ಲಿ ಕಲ್ಲೇಶಪ್ಪ ಜ್ವರ ಬಂದು ಮಲಗಿದ. ಎದೆ ಕಟ್ಟಿ ಉಸಿರಾಡುವುದೇ ಕಷ್ಟವಾಯಿತು. ಮನೆಯವರು ವಿಭೂತಿ ಹಚ್ಚಿ ಮಠಕ್ಕೆ ಹೇಳಿಕಳಿಸುವ ಯೋಚನೆಯಲ್ಲಿದ್ದರು. ಸುದ್ದಿ ಹೊಲದಲ್ಲಿದ್ದ ಚಿಕ್ಕಬೀರಪ್ಪನಿಗೆ ಮುಟ್ಟಿತು. ಅವನು ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಅಜ್ಜಂಪುರಕ್ಕೆ ಓಡಿದ. ಡಾಕ್ಟರು ಈ ಮಳೆಯಲ್ಲಿ ಬರಲಾಗದು ಎಂದಾಗ ಅವರ ಕಾಲು ಹಿಡಿದ, ಜಟಕಾದವನ ಗಲ್ಲ ಹಿಡಿದ, ಕೆಸರಿನಲ್ಲಿ ಚಕ್ರ ಹೂತಾಗ ಹೆಗಲು ಕೊಟ್ಟು ಎತ್ತಿದ. ಊರ ಬಾಗಿಲಲ್ಲಿ ಇದನ್ನು ಕಂಡ ಜನ ದಂಗಾದರು. ಹೆಂಡತಿಯ ಗುಂಡಿ ಕಳೆದವನಿಗಾಗಿ ಹೀಗೆ ಓಡುವವನುಂಟೆ, ಇವನು ಮನುಷ್ಯನಲ್ಲ, ದೇವರು ಎಂದರು. ಸಭೆಯಲ್ಲಿ ಗೌಡರಿಂದ ಮಾತು ತೆಗೆದುಕೊಂಡು ಹಳ್ಳ ಉಳಿಸಿದವನೂ ಇವನೇ ಅಲ್ಲವೇ ಎಂದು ನೆನೆದರು; ಅವನಿಗೆ ಪುಣ್ಯಾತ್ಮನೆಂಬ ಹೆಸರು ಅಂಟಿದ್ದು ಆವತ್ತೇ.

ಬಾಗಿಲಲ್ಲಿ ಮಲ್ಲಿಕಾಂಬ ನಿಂತಿದ್ದಳು. ಡಾಕ್ಟರು ಒಳಗೆ ಹೋದ ಮೇಲೆ ಅವನನ್ನು ತಡೆದು ಕೇಳಿದಳು:

"ನಿಜ ಹೇಳಪ್ಪಾ. ಯಾಕೆ ಓಡ್ದೆ?"

"ಅವರು ಸಾಯ್ಬಾರ್ದು ಅಮ್ಮಾರೇ," ಎಂದ ಚಿಕ್ಕಬೀರಪ್ಪ. "ಇಷ್ಟ್ ಬೇಗ ಸತ್ರೆ ಹೆಂಗೆ?"

ಅವಳು ಅವನ ಮುಖವನ್ನು ನೋಡಿದಳು. ಆಮೇಲೆ ದಾರಿ ಬಿಟ್ಟಳು.

ಡಾಕ್ಟರು ಸೂಜಿ ಚುಚ್ಚಿದರು, ಔಷಧಿ ಕೊಟ್ಟರು, ಒಂದು ದಿನ ಅಲ್ಲೇ ಉಳಿದರು. ಮರುದಿನ ಮಧ್ಯಾಹ್ನ ಜ್ವರ ಇಳಿದು ಕಲ್ಲೇಶಪ್ಪ ಕಣ್ಣು ಬಿಟ್ಟಾಗ ಎದುರಿಗೆ ಕಂಡದ್ದು ಗೋಡೆಗೊರಗಿ ಕೂತ ಚಿಕ್ಕಬೀರಪ್ಪ. ಹಾಸಿಗೆಯ ಸುತ್ತ ನೆಂಟರಿಷ್ಟರು ತುಂಬಿದ್ದರು. "ಇವನೇ ನಿಮ್ಮ ಜೀವ ಉಳಿಸಿದ್ದು" ಎಂದು ಯಾರೋ ಹೇಳಿದರು. ಚಿಕ್ಕಬೀರಪ್ಪ ಮುಂದೆ ಬಗ್ಗಿ, ತಾಯಿ ಮಗುವಿಗೆ ಹೇಳುವಷ್ಟು ಮೆತ್ತಗಿನ ದನಿಯಲ್ಲಿ ಹೇಳಿದ:

"ಹಳ್ಳ ತುಂಬಿ ಹರೀತಾ ಐತೆ ಗೌಡ್ರೇ. ಜಾಲಿ ಹೂ ಬಿಟ್ಟೈತೆ. ಬೇಗ ಎದ್ದೇಳಿ. ನೀವು ನೋಡೋದು ಇನ್ನೂ ಬಾಳ ಐತೆ."

ಕಲ್ಲೇಶಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ನೆಂಟರು ಅದನ್ನು ಕಣ್ಣೀರು ಮರೆಸಿಕೊಳ್ಳಲು ಎಂದುಕೊಂಡು ತಾವೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನು ಅಪಾಯವಿಲ್ಲ, ಗಟ್ಟಿ ಜೀವ, ಇನ್ನೂ ಇಪ್ಪತ್ತು ವರ್ಷ ಇರುತ್ತಾರೆ ಎಂದರು ಡಾಕ್ಟರು. ಅದನ್ನು ಕೇಳಿ ಚಿಕ್ಕಬೀರಪ್ಪನಿಗೆ ಆದಷ್ಟು ಸಂತೋಷ ಆ ಮನೆಯಲ್ಲಿ ಬೇರೆ ಯಾರಿಗೂ ಆಗಿರಲಾರದು. ಅವನು ಎದ್ದು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ನಾಳೆ ಮತ್ತೆ ಬಂದು ನೋಡುತ್ತೇನೆ ಗೌಡರೇ ಎಂದು ಹೇಳಿ ಹೊರಟ.